ಎಂಟು ಫ್ಲಾಸ್ಕುಗಳಿಂದ ಆರಂಭಿಸಿ: ರಾಸಾಯನಿಕ ಪ್ರಕ್ರಿಯೆಗಳಿಗೆ ಪ್ರಯೋಗ ವಿನ್ಯಾಸ ಕಲಿಯುವ ಬಗೆ

ಔಷಧ, ಬಣ್ಣ, ಕೀಟನಾಶಕ ಅಥವಾ ಇನ್ನಾವುದೇ ರಾಸಾಯನಿಕದ ತಯಾರಿಕಾ ವಿಧಾನವನ್ನು ಸುಧಾರಿಸುವ ಲ್ಯಾಬಿಗೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ, ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವುದು. ಮೊದಲು ತಾಪಮಾನವನ್ನು ಏರಿಸಿ ಇಳಿಸಿ ಒಂದು ಮಟ್ಟಕ್ಕೆ ನಿಲ್ಲಿಸುತ್ತಾರೆ, ಆಮೇಲೆ ಪ್ರತ್ಯಾಮ್ಲದ, ಅಂದರೆ ಬೇಸ್‌ನ ಪ್ರಮಾಣವನ್ನು ನೋಡುತ್ತಾರೆ, ಕೊನೆಗೆ ದ್ರಾವಕವನ್ನು. ಈ ದಾರಿ ನಿಧಾನವಾದದ್ದು ಎಂಬ ದೂರನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ: ಒಂದು ಅಂಶದ ಪರಿಣಾಮವು ಇನ್ನೊಂದರ ಮಟ್ಟವನ್ನು ಅವಲಂಬಿಸಿದ್ದಾಗ, ಈ ದಾರಿಯಲ್ಲಿ ದೊರೆಯುವ ಉತ್ತರವು ಎಲ್ಲಿಂದ ಹೊರಟಿರಿ ಎಂಬುದರ ಮೇಲೆ ನಿಂತಿರುತ್ತದೆ.

ಸಂಖ್ಯಾಶಾಸ್ತ್ರೀಯ ಪ್ರಯೋಗ ವಿನ್ಯಾಸ, ಲ್ಯಾಬಿನ ಮಾತಿನಲ್ಲಿ ಡಿಒಇ, ಹಲವು ಅಂಶಗಳನ್ನು ಒಟ್ಟಿಗೇ ಆದರೆ ಲೆಕ್ಕವಿಟ್ಟು ಬದಲಿಸಿ, ಪ್ರತಿಯೊಂದರ ಪ್ರಭಾವವನ್ನೂ ಅವುಗಳ ಪರಸ್ಪರ ಪ್ರಭಾವವನ್ನೂ ಬಿಡಿಸಿ ತೆಗೆಯುವ ವಿಧಾನ. ಇದನ್ನು ಕಲಿಯಹೊರಟವರಲ್ಲಿ ಬಹುಮಂದಿ ಸಾಫ್ಟ್‌ವೇರ್ ತೆರೆದು ಕೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಮೂರು ಅಂಶಗಳ, ಎಂಟು ಪ್ರಯೋಗಗಳ ಒಂದು ವಿನ್ಯಾಸವನ್ನು ಕಾಗದ ಪೆನ್ಸಿಲಿನಲ್ಲಿ ಒಮ್ಮೆ ಪೂರ್ತಿಯಾಗಿ ಲೆಕ್ಕ ಹಾಕಿದವರಿಗೆ ಸಾಫ್ಟ್‌ವೇರ್ ಏನು ಹೇಳುತ್ತಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಅದನ್ನು ಮಾಡದವರು ಪರದೆಯ ಮೇಲಿನ ಬಣ್ಣದ ಚಿತ್ರಗಳನ್ನು ನಂಬಲೇಬೇಕಾಗುತ್ತದೆ.

ಏರುಪೇರಿನ ಅಂದಾಜು

ಆರಂಭಕ್ಕೆ ಬೇಕಾದ ಗಣಿತ ಹೆಚ್ಚಿಲ್ಲ. ಸರಾಸರಿ, ಮಾನಕ ವಿಚಲನೆ, ಟಿ ಪರೀಕ್ಷೆ, ಇವಿಷ್ಟು ಗೊತ್ತಿದ್ದರೆ ಸಾಕು. ಅಂಕಿಗಳಿಗೆ ಸಮೀಕರಣ ಹೊಂದಿಸುವ ರಿಗ್ರೆಷನ್ ಎರಡನೆಯ ಹಂತದಲ್ಲಿ ಬರಲಿ. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ಪ್ರಯೋಗವನ್ನು ಏನನ್ನೂ ಬದಲಿಸದೆ ಮತ್ತೆ ಮಾಡಿದರೆ ಫಲಿತಾಂಶ ಎಷ್ಟು ಅತ್ತಿತ್ತ ಸರಿಯುತ್ತದೆ ಎಂಬ ಅರಿವು. ಇಲ್ಲಿ ಒಂದು ಭೇದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಒಂದೇ ಸ್ಯಾಂಪಲನ್ನು, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣವಾದ ಎಚ್‌ಪಿಎಲ್‌ಸಿಗೆ ಮೂರು ಸಲ ಕೊಟ್ಟರೆ ತಿಳಿಯುವುದು ಉಪಕರಣದ ಏರುಪೇರು ಮಾತ್ರ. ತೂಕ ಮಾಡುವುದರಿಂದ ಹಿಡಿದು ಕೊನೆಯವರೆಗೆ ಇಡೀ ಪ್ರತಿಕ್ರಿಯೆಯನ್ನು ಮತ್ತೆ ನಡೆಸಿದಾಗ ತಿಳಿಯುವುದು ಪ್ರಕ್ರಿಯೆಯ ಏರುಪೇರು, ಮತ್ತು ಅದು ಯಾವಾಗಲೂ ಹೆಚ್ಚೇ ಇರುತ್ತದೆ. ಅಂಶಗಳ ಪ್ರಭಾವವನ್ನು ತೂಗಿ ನೋಡಬೇಕಾದದ್ದು ಈ ಎರಡನೆಯದರ ಎದುರಿಗೆ. ಮೊದಲನೆಯದನ್ನು ಬಳಸಿದರೆ ಎಲ್ಲ ಅಂಶಗಳೂ ಮಹತ್ವದ್ದಾಗಿಯೇ ಕಾಣುತ್ತವೆ.

ಏನನ್ನು ಅಳೆಯುತ್ತೀರಿ ಎಂಬುದನ್ನೂ ಆಗಲೇ ತೀರ್ಮಾನಿಸಿ. ಎಚ್‌ಪಿಎಲ್‌ಸಿಯ ಏರಿಯಾ ಶೇಕಡಾವಾರು, ಅಂದರೆ ಒಟ್ಟು ಪೀಕುಗಳಲ್ಲಿ ಒಂದು ಪೀಕಿನ ಪಾಲು, ಇಳುವರಿಯಲ್ಲ. ಡಿಟೆಕ್ಟರಿಗೆ ಕಾಣದ ಲವಣ, ಉಳಿದ ದ್ರಾವಕ ಯಾವುದೂ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿಕ್ರಿಯೆಯ ದ್ರಾವಣದಲ್ಲಿಯೇ ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡಿನೊಂದಿಗೆ ಹೋಲಿಸಿ ಅಳೆದು (ಅಸೇ ಮಾಡಿ) ಪಡೆದ ಇಳುವರಿ, ಪ್ರತ್ಯೇಕಿಸಿ ಒಣಗಿಸಿ ತೂಗಿದ ಇಳುವರಿಗಿಂತ ಪ್ರಯೋಗ ವಿನ್ಯಾಸಕ್ಕೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಸೋಸುವಿಕೆ ತೊಳೆಯುವಿಕೆಗಳ ನಷ್ಟ ಅದರಲ್ಲಿ ಬೆರೆತಿರುವುದಿಲ್ಲ.

ಅಂಶಗಳು, ವ್ಯಾಪ್ತಿಗಳು

ಉದಾಹರಣೆಗೆ, ಎಸ್ಟರ್ ಗುಂಪಿರುವ ಒಂದು ಫೀನಾಲನ್ನು ಡಿಎಂಎಫ್ ದ್ರಾವಕದಲ್ಲಿ, ಪೊಟ್ಯಾಸಿಯಂ ಕಾರ್ಬೊನೇಟ್ ಬೇಸ್ ಆಗಿರುವಾಗ, ಆಲ್ಕೈಲ್ ಬ್ರೋಮೈಡ್‌ನೊಂದಿಗೆ ಕಾಯಿಸಿ ಈಥರ್ ಮಾಡುವ ಪ್ರತಿಕ್ರಿಯೆಯನ್ನು ತೆಗೆದುಕೊಳ್ಳೋಣ. ಬದಲಿಸಬಹುದಾದ ಅಂಶಗಳನ್ನು ಪಟ್ಟಿ ಮಾಡಲು ಕುಳಿತರೆ ಹತ್ತು ಹನ್ನೆರಡಾದರೂ ಬರುತ್ತವೆ: ತಾಪಮಾನ, ಸಮಯ, ಬೇಸ್‌ನ ಪ್ರಮಾಣ, ಅದರ ಕಣಗಳ ಗಾತ್ರ, ಬ್ರೋಮೈಡಿನ ಪ್ರಮಾಣ, ದ್ರಾವಕದ ಪ್ರಮಾಣ, ದ್ರಾವಕದಲ್ಲಿರುವ ನೀರು, ಕಲಕುವ ವೇಗ, ಸೇರಿಸುವ ಕ್ರಮ, ಹೀಗೆ. ಈ ಪಟ್ಟಿಯನ್ನು ಒಬ್ಬರೇ ಮಾಡಬೇಡಿ. ಪ್ಲಾಂಟಿನಲ್ಲಿ ರಿಯಾಕ್ಟರ್ ನಡೆಸುವವರನ್ನೂ ಅನಾಲಿಟಿಕಲ್ ವಿಭಾಗದವರನ್ನೂ ಕೂರಿಸಿಕೊಂಡು ಮಾಡಿದ ಪಟ್ಟಿಯಲ್ಲಿ, ರಸಾಯನಶಾಸ್ತ್ರಜ್ಞರಿಗೆ ತೋಚದ ಎರಡು ಮೂರು ಅಂಶಗಳಾದರೂ ಇದ್ದೇ ಇರುತ್ತವೆ.

ಕಲಿಕೆಗಾಗಿ ಮೂರನ್ನು ಆರಿಸೋಣ: ತಾಪಮಾನ 60 ಮತ್ತು 80 ಡಿಗ್ರಿ, ಬೇಸ್ 1.1 ಮತ್ತು 1.5 ಇಕ್ವಿವಲೆಂಟ್ (ಫೀನಾಲಿನ ಒಂದು ಮೋಲಿಗೆ ಇಷ್ಟು ಮೋಲ್), ದ್ರಾವಕ ಫೀನಾಲಿನ ಕಿಲೋಗೆ 5 ಮತ್ತು 10 ಲೀಟರ್. ಆರಿಸದೆ ಬಿಟ್ಟ ಅಂಶಗಳು ಮಾಯವಾಗುವುದಿಲ್ಲ. ಅವನ್ನು ಒಂದು ಮಟ್ಟದಲ್ಲಿ ಕಟ್ಟಿಹಾಕಿ ಬರೆದಿಡಬೇಕು. ಪೊಟ್ಯಾಸಿಯಂ ಕಾರ್ಬೊನೇಟ್ ಡಿಎಂಎಫ್‌ನಲ್ಲಿ ಅಷ್ಟಾಗಿ ಕರಗುವುದಿಲ್ಲವಾದ್ದರಿಂದ ನಯವಾದ ಪುಡಿಯೂ ಹರಳು ಹರಳಾದ ಸರಕೂ ಬೇರೆ ಬೇರೆ ವೇಗದಲ್ಲಿ ಪ್ರತಿಕ್ರಿಯಿಸಬಲ್ಲವು. ಎಂಟೂ ಪ್ರಯೋಗಗಳಿಗೆ ಒಂದೇ ಲಾಟಿನ, ಒಂದೇ ಬಾಟಲಿಯ ಪುಡಿಯನ್ನು ಬಳಸದಿದ್ದರೆ, ನೀವು ಅಳೆಯುವುದು ಬೇಸ್‌ನ ಪ್ರಮಾಣವನ್ನೋ ಕಣದ ಗಾತ್ರವನ್ನೋ ಎಂಬುದು ನಿಮಗೇ ತಿಳಿಯದು.

ವ್ಯಾಪ್ತಿಯ ಆಯ್ಕೆಯಲ್ಲಿಯೇ ಹೆಚ್ಚಿನ ವಿನ್ಯಾಸಗಳು ಕೆಡುತ್ತವೆ. 68 ಮತ್ತು 72 ಡಿಗ್ರಿಗಳ ನಡುವಿನ ವ್ಯತ್ಯಾಸ ಪ್ರಯೋಗದ ಏರುಪೇರಿನಲ್ಲಿ ಮುಳುಗಿಹೋಗುತ್ತದೆ. 30 ಮತ್ತು 130 ಡಿಗ್ರಿಗಳನ್ನು ಆರಿಸಿದರೆ ಒಂದು ಕಡೆ ಪ್ರತಿಕ್ರಿಯೆಯೇ ನಡೆಯುವುದಿಲ್ಲ, ಇನ್ನೊಂದು ಕಡೆ ಬೇರೆಯೇ ರಸಾಯನಶಾಸ್ತ್ರ ಶುರುವಾಗುತ್ತದೆ. ಪ್ರತಿಕ್ರಿಯೆ ಎರಡೂ ತುದಿಗಳಲ್ಲಿ ನಡೆಯುವಂತಿರಬೇಕು, ಆದರೆ ಎರಡೂ ತುದಿಗಳು ಸ್ವಲ್ಪ ಮುಜುಗರ ತರುವಷ್ಟು ದೂರವಿರಬೇಕು. ಜೊತೆಗೆ, ಎಲ್ಲ ಅಂಶಗಳೂ ತುದಿಯಲ್ಲಿ ಸೇರುವ ಮೂಲೆಗಳನ್ನು ಮೊದಲೇ ಪರೀಕ್ಷಿಸಿ. 80 ಡಿಗ್ರಿ, 1.5 ಇಕ್ವಿವಲೆಂಟ್, 5 ಲೀಟರ್ ಎಂಬ ಮೂಲೆಯಲ್ಲಿ ಮಿಶ್ರಣ ಗಟ್ಟಿಯಾಗಿ ಕಲಕುಗೋಲು ನಿಂತರೆ ಇಡೀ ವಿನ್ಯಾಸದಲ್ಲಿ ಒಂದು ತೂತು ಬೀಳುತ್ತದೆ. ಉಷ್ಣ ಬಿಡುಗಡೆಯಾಗುವ ಪ್ರತಿಕ್ರಿಯೆಯಾದರೆ ಕ್ಯಾಲೊರಿಮೆಟ್ರಿಯ ಅಂಕಿಗಳನ್ನು ನೋಡದೆ ಇಂಥ ಮೂಲೆಗಳಿಗೆ ಕಾಲಿಡಲೇಬಾರದು.

ಎಂಟು ಪ್ರಯೋಗಗಳ ಲೆಕ್ಕ

ಮೂರು ಅಂಶಗಳಿಗೆ ತಲಾ ಎರಡು ಮಟ್ಟವೆಂದರೆ ಒಟ್ಟು ಎಂಟು ಜೋಡಣೆಗಳು. ಕೆಳಗಿನ ಇಳುವರಿಗಳನ್ನು ಲೆಕ್ಕ ಕಲಿಯಲೆಂದು ಕಲ್ಪಿಸಿಕೊಂಡಿದ್ದೇನೆ. ಪೆನ್ಸಿಲ್ ಹಿಡಿದು ಜೊತೆಗೇ ಮಾಡುತ್ತ ಬನ್ನಿ. ಕೆಳಮಟ್ಟಕ್ಕೆ −, ಮೇಲ್ಮಟ್ಟಕ್ಕೆ + ಎಂದು ಗುರುತು.

| ತಾಪಮಾನ | ಬೇಸ್ | ದ್ರಾವಕ | ಇಳುವರಿ, ಶೇ. |
|---|---|---|---|
| − | − | − | 68 |
| + | − | − | 80 |
| − | + | − | 74 |
| + | + | − | 76 |
| − | − | + | 66 |
| + | − | + | 79 |
| − | + | + | 71 |
| + | + | + | 74 |

ತಾಪಮಾನದ ಮುಖ್ಯ ಪ್ರಭಾವವೆಂದರೆ 80 ಡಿಗ್ರಿಯ ನಾಲ್ಕು ಇಳುವರಿಗಳ ಸರಾಸರಿಯಿಂದ 60 ಡಿಗ್ರಿಯ ನಾಲ್ಕರ ಸರಾಸರಿಯನ್ನು ಕಳೆದರೆ ಬರುವುದು: 77.25ರಿಂದ 69.75 ಕಳೆದು 7.5. ಇದೇ ರೀತಿ ದ್ರಾವಕದ್ದು −2, ಬೇಸ್‌ನದು ಕೇವಲ 0.5. ಒಂದೊಂದು ಪ್ರಭಾವದ ಲೆಕ್ಕದಲ್ಲಿಯೂ ಎಂಟೂ ಪ್ರಯೋಗಗಳು ದುಡಿದಿವೆ ಎಂಬುದನ್ನು ಗಮನಿಸಿ. ಒಂದೊಂದೇ ಅಂಶವನ್ನು ಬದಲಿಸುವ ದಾರಿಯಲ್ಲಿ ಇಷ್ಟೇ ನಿಖರತೆ ಬೇಕಾದರೆ ಇದರ ಎರಡರಷ್ಟು ಪ್ರಯೋಗಗಳು ಬೇಕಾಗುತ್ತಿದ್ದವು.

ಈಗ ಬೇಸ್‌ನ ಪ್ರಭಾವ ಸೊನ್ನೆಯ ಹತ್ತಿರವಿದೆಯೆಂದು ಅದನ್ನು ಕೈಬಿಡುವ ಆತುರ ಬೇಡ. 60 ಡಿಗ್ರಿಯ ಸಾಲುಗಳನ್ನು ಮಾತ್ರ ನೋಡಿ: ಬೇಸ್ ಹೆಚ್ಚಿಸಿದಾಗ ಇಳುವರಿ 68ರಿಂದ 74ಕ್ಕೆ, 66ರಿಂದ 71ಕ್ಕೆ ಏರಿದೆ, ಸರಾಸರಿ 5.5ರಷ್ಟು ಲಾಭ. 80 ಡಿಗ್ರಿಯಲ್ಲಿ 80ರಿಂದ 76ಕ್ಕೆ, 79ರಿಂದ 74ಕ್ಕೆ ಇಳಿದಿದೆ, ಸರಾಸರಿ 4.5ರಷ್ಟು ನಷ್ಟ. ಈ ಎರಡರ ವ್ಯತ್ಯಾಸದ ಅರ್ಧ, ಅಂದರೆ −5, ತಾಪಮಾನ ಮತ್ತು ಬೇಸ್‌ಗಳ ಪರಸ್ಪರ ಪ್ರಭಾವ. 60 ಡಿಗ್ರಿಯಲ್ಲಿ ಕೆಲಸ ಆರಂಭಿಸಿದವರು ಹೆಚ್ಚು ಬೇಸ್ ಒಳ್ಳೆಯದೆಂದೂ 80 ಡಿಗ್ರಿಯಲ್ಲಿ ಆರಂಭಿಸಿದವರು ಕೆಟ್ಟದ್ದೆಂದೂ ವರದಿ ಬರೆಯುತ್ತಾರೆ, ಇಬ್ಬರ ಬಳಿಯೂ ಪುರಾವೆ ಇರುತ್ತದೆ. ಉಳಿದ ಪರಸ್ಪರ ಪ್ರಭಾವಗಳನ್ನು ಚಿಹ್ನೆಗಳನ್ನು ಗುಣಿಸಿ ನೀವೇ ಲೆಕ್ಕ ಹಾಕಿ: ತಾಪಮಾನ-ದ್ರಾವಕ 0.5, ಬೇಸ್-ದ್ರಾವಕ −0.5, ಮೂರೂ ಸೇರಿದ್ದು 0 ಬರಬೇಕು.

ಲೆಕ್ಕ ಇಲ್ಲಿಗೆ ನಿಂತು ರಸಾಯನಶಾಸ್ತ್ರ ಇಲ್ಲಿಂದ ಶುರುವಾಗಬೇಕು. ಕಡಿಮೆ ಶಾಖದಲ್ಲಿ ಹೆಚ್ಚುವರಿ ಬೇಸ್, ಫೀನಾಲು ತನ್ನ ಚುರುಕಾದ ರೂಪವಾದ ಫೀನಾಕ್ಸೈಡ್ ಆಗುವುದನ್ನು ಚುರುಕುಗೊಳಿಸುತ್ತಿರಬಹುದು, ಹೆಚ್ಚು ಶಾಖದಲ್ಲಿ ಅದೇ ಬೇಸ್ ತೇವಾಂಶದೊಡನೆ ಸೇರಿ ಉತ್ಪನ್ನದ ಎಸ್ಟರನ್ನು ಒಡೆದು ಆಮ್ಲವಾಗಿಸುತ್ತಿರಬಹುದು. ಇದು ಊಹೆ. ಹಾಗಿದ್ದರೆ 80 ಡಿಗ್ರಿ, 1.5 ಇಕ್ವಿವಲೆಂಟಿನ ಎರಡು ಸ್ಯಾಂಪಲ್‌ಗಳ ಕ್ರೊಮಾಟೊಗ್ರಾಮಿನಲ್ಲಿ ಆಮ್ಲದ ಪೀಕ್ ದೊಡ್ಡದಾಗಿರಬೇಕು, ಹೋಗಿ ನೋಡಿ.

ಕೇಂದ್ರ ಬಿಂದುಗಳು

ಎಂಟರ ಜೊತೆಗೆ, ಎಲ್ಲ ಅಂಶಗಳೂ ನಡುಮಟ್ಟದಲ್ಲಿರುವ ಪ್ರಯೋಗವನ್ನು, ಇಲ್ಲಿ 70 ಡಿಗ್ರಿ, 1.3 ಇಕ್ವಿವಲೆಂಟ್, 7.5 ಲೀಟರ್, ಮೂರು ಸಲ ಮಾಡಿ. ಅವುಗಳ ಇಳುವರಿ 77, 78.5, 77 ಎಂದಿಟ್ಟುಕೊಳ್ಳೋಣ. ಇವುಗಳ ಮಾನಕ ವಿಚಲನೆ 0.87. ಎಂಟು ಪ್ರಯೋಗಗಳ ವಿನ್ಯಾಸದಲ್ಲಿ ಒಂದು ಪ್ರಭಾವದ ಮಾನಕ ದೋಷವೆಂದರೆ ಈ ಸಂಖ್ಯೆಯನ್ನು ಎರಡರಿಂದ ಗುಣಿಸಿ ಎಂಟರ ವರ್ಗಮೂಲದಿಂದ ಭಾಗಿಸಿದ್ದು, 0.61. ಮೂರು ಅಳತೆಗಳಿಂದ ದೊರೆಯುವ ಸ್ವಾತಂತ್ರ್ಯ ಮಾತ್ರೆಗಳು (ಡಿಗ್ರೀಸ್ ಆಫ್ ಫ್ರೀಡಮ್) ಎರಡೇ ಆದ್ದರಿಂದ ಟಿ ಕೋಷ್ಟಕದಲ್ಲಿ ಶೇ. 95ಕ್ಕೆ 4.30 ಇದೆ, ಎರಡನ್ನೂ ಗುಣಿಸಿದರೆ ಸುಮಾರು 2.6. ತಾಪಮಾನದ 7.5 ಮತ್ತು ಪರಸ್ಪರ ಪ್ರಭಾವದ −5 ಈ ಗೆರೆಯನ್ನು ಸುಲಭವಾಗಿ ದಾಟಿವೆ. ದ್ರಾವಕದ −2 ದಾಟಿಲ್ಲ. ಆದರೆ ದಾಟಲಿಲ್ಲವೆಂದ ಮಾತ್ರಕ್ಕೆ ದ್ರಾವಕಕ್ಕೆ ಪ್ರಭಾವವೇ ಇಲ್ಲವೆಂದು ಬರೆಯಬಾರದು. ಇಷ್ಟು ಪ್ರಯೋಗಗಳಿಂದ ಅದನ್ನು ಹೇಳಲಾಗದು ಎಂದಷ್ಟೇ ಅರ್ಥ.

ಕೇಂದ್ರದ ಸರಾಸರಿ 77.5, ಎಂಟು ಮೂಲೆಗಳ ಸರಾಸರಿ 73.5. ಎಲ್ಲವೂ ಸರಳ ರೇಖೆಯಲ್ಲಿ ನಡೆಯುತ್ತಿದ್ದರೆ ಇವೆರಡೂ ಹತ್ತಿರ ಹತ್ತಿರ ಇರಬೇಕಿತ್ತು. ನಾಲ್ಕರ ಅಂತರವು ಮೇಲ್ಮೈ ಎಲ್ಲಿಯೋ ಬಾಗಿದೆಯೆಂದು ಹೇಳುತ್ತದೆ, ಯಾವ ಅಂಶದ ದಿಕ್ಕಿನಲ್ಲಿ ಎಂದು ಹೇಳುವುದಿಲ್ಲ. ಆ ಪ್ರಶ್ನೆಗೆ ಮುಂದೆ ಬರೋಣ.

ಕ್ರಮ ಮತ್ತು ದಿನಗಳು

ಕೋಷ್ಟಕದಲ್ಲಿ ಬರೆದ ಕ್ರಮದಲ್ಲಿಯೇ ಪ್ರಯೋಗ ಮಾಡಬೇಡಿ. ಚೀಟಿ ಎತ್ತಿಯಾದರೂ ಸರಿ, ಕ್ರಮವನ್ನು ಕಲೆಸಿ. ಬಾಟಲಿ ತೆರೆದಂತೆಲ್ಲ ಪೊಟ್ಯಾಸಿಯಂ ಕಾರ್ಬೊನೇಟ್ ಗಾಳಿಯ ತೇವ ಹೀರುತ್ತದೆ, ಎಚ್‌ಪಿಎಲ್‌ಸಿ ಕಾಲಂ ಹಳೆಯದಾಗುತ್ತದೆ, ಮಾಡುವವರ ಕೈ ಪಳಗುತ್ತದೆ. ದ್ರಾವಕ ಹೆಚ್ಚಿರುವ ನಾಲ್ಕೂ ಪ್ರಯೋಗಗಳನ್ನು ಕೊನೆಯಲ್ಲಿ ಮಾಡಿದರೆ ಇವೆಲ್ಲವೂ ದ್ರಾವಕದ ಖಾತೆಗೆ ಜಮೆಯಾಗುತ್ತವೆ.

ಎಂಟನ್ನೂ ಒಂದೇ ದಿನ ಮಾಡಲಾಗದಿದ್ದರೆ ಮೂರು ಚಿಹ್ನೆಗಳ ಗುಣಲಬ್ಧ + ಆಗುವ ನಾಲ್ಕನ್ನು ಒಂದು ದಿನ, − ಆಗುವ ನಾಲ್ಕನ್ನು ಇನ್ನೊಂದು ದಿನ ಮಾಡಿ. ಆಗ ದಿನಗಳ ವ್ಯತ್ಯಾಸವು ಮೂರೂ ಅಂಶಗಳ ಪರಸ್ಪರ ಪ್ರಭಾವದೊಂದಿಗೆ ಮಾತ್ರ ಬೆರೆಯುತ್ತದೆ, ಉಳಿದವು ಶುದ್ಧವಾಗಿರುತ್ತವೆ. ಎರಡೂ ದಿನ ಕೇಂದ್ರ ಬಿಂದುವಿನ ಒಂದೊಂದು ಪ್ರಯೋಗವಾದರೂ ಇರಲಿ. ಹಲವು ಕೊಳವೆಗಳಿಗೆ ಒಂದೇ ಹೀಟಿಂಗ್ ಬ್ಲಾಕ್ ಇರುವ ಉಪಕರಣದಲ್ಲಿ ತಾಪಮಾನವನ್ನು ಕೊಳವೆಗೊಂದರಂತೆ ಬದಲಿಸಲಾಗುವುದಿಲ್ಲ. ಅಂಥ ಕಡೆ, ಬದಲಿಸಲು ಕಷ್ಟವಾದ ಅಂಶವನ್ನು ಗುಂಪಿಗೊಂದರಂತೆ ಬದಲಿಸುವ ಸ್ಪ್ಲಿಟ್-ಪ್ಲಾಟ್ ವಿನ್ಯಾಸವನ್ನೂ ಅದಕ್ಕೆ ತಕ್ಕ ವಿಶ್ಲೇಷಣೆಯನ್ನೂ ಬಳಸಬೇಕು. ಪ್ಲಾಟ್ ಎಂದರೆ ಹೊಲದ ತುಂಡು; ಹೆಸರೇ ಹೇಳುವಂತೆ ಇದು ಹೊಲದಿಂದ ಬಂದದ್ದು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗ ವಿನ್ಯಾಸ ಶಾಸ್ತ್ರದ ಅಡಿಪಾಯ ಹಾಕಿದರು. ಬೆಳೆಯ ಪ್ರಯೋಗದ ಫಲಿತಾಂಶ ಬರಲು ಒಂದು ಹಂಗಾಮು ಕಾಯಬೇಕಾದ್ದರಿಂದ ಅಲ್ಲಿ ಎಲ್ಲವನ್ನೂ ಮುಂಚೆಯೇ ಯೋಜಿಸಬೇಕಿತ್ತು. ರಸಾಯನಶಾಸ್ತ್ರದಲ್ಲಿ ಉತ್ತರ ಮರುದಿನವೇ ಸಿಗುತ್ತದೆ. ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್‌ನಲ್ಲಿದ್ದ ಜಾರ್ಜ್ ಬಾಕ್ಸ್ ಮತ್ತು ವಿಲ್ಸನ್ 1951ರಲ್ಲಿ ಪ್ರಕಟಿಸಿದ ಪ್ರಬಂಧ ಈ ಅನುಕೂಲವನ್ನು ಬಳಸಿಕೊಂಡಿತು: ಸಣ್ಣ ವಿನ್ಯಾಸ ಮಾಡಿ, ಕಲಿತದ್ದರ ಮೇಲೆ ಮುಂದಿನದನ್ನು ಕಟ್ಟಿ. ನಿಮ್ಮ ಒಟ್ಟು ಪ್ರಯೋಗಗಳ ಕಾಲು ಭಾಗಕ್ಕಿಂತ ಹೆಚ್ಚನ್ನು ಮೊದಲ ಸುತ್ತಿಗೆ ಖರ್ಚು ಮಾಡದಿರುವುದು ಜಾಣತನ.

ಅಂಶಗಳು ಹೆಚ್ಚಾದಾಗ

ಏಳು ಅಂಶಗಳಿಗೆ ಪೂರ್ಣ ವಿನ್ಯಾಸವೆಂದರೆ 128 ಪ್ರಯೋಗಗಳು, ಯಾರೂ ಮಾಡುವುದಿಲ್ಲ. ಆಗ ಅದರ ಒಂದು ಭಾಗವನ್ನು ಮಾತ್ರ ಆರಿಸುತ್ತೇವೆ, ಮತ್ತು ಅದಕ್ಕೆ ಬೆಲೆ ತೆರುತ್ತೇವೆ. ಮೇಲಿನ ಎಂಟೇ ಪ್ರಯೋಗಗಳಲ್ಲಿ ನಾಲ್ಕನೆಯ ಅಂಶವಾಗಿ ದ್ರಾವಕದಲ್ಲಿನ ನೀರನ್ನು ಸೇರಿಸಿ, ಮೂರು ಚಿಹ್ನೆಗಳ ಗುಣಲಬ್ಧವನ್ನು ಅದರ ಮಟ್ಟವಾಗಿ ಇಟ್ಟಿದ್ದೇವೆ ಎಂದುಕೊಳ್ಳಿ. ಆಗ ಮುಖ್ಯ ಪ್ರಭಾವಗಳು ಎರಡು ಅಂಶಗಳ ಪರಸ್ಪರ ಪ್ರಭಾವಗಳೊಂದಿಗೆ ಬೆರೆಯುವುದಿಲ್ಲ, ಆದರೆ ಆ −5 ಈಗ ತಾಪಮಾನ-ಬೇಸ್‌ನದೋ ದ್ರಾವಕ-ನೀರಿನದೋ ಎಂಬುದನ್ನು ಅಂಕಿಗಳಿಂದ ಬಿಡಿಸಲಾಗದು. ಇದನ್ನು ಏಲಿಯಾಸಿಂಗ್ ಎನ್ನುತ್ತಾರೆ. ಯಾವುದೇ ಭಾಗಶಃ ವಿನ್ಯಾಸವನ್ನು ಆರಂಭಿಸುವ ಮೊದಲು ಅದರ ಏಲಿಯಾಸ್ ಪಟ್ಟಿಯನ್ನು ಮುದ್ರಿಸಿ, ನಿಮಗೆ ರಸಾಯನಶಾಸ್ತ್ರದ ದೃಷ್ಟಿಯಿಂದ ಅನುಮಾನವಿರುವ ಎರಡು ಜೋಡಿಗಳು ಒಂದೇ ಸಾಲಿನಲ್ಲಿ ಬಂದಿವೆಯೇ ಎಂದು ನೋಡಿ. ಬಂದಿದ್ದರೆ ಅಂಶಗಳನ್ನು ಅದಲು ಬದಲು ಮಾಡಿ.

1946ರ ಪ್ಲಾಕೆಟ್-ಬರ್ಮನ್ ವಿನ್ಯಾಸ 12 ಪ್ರಯೋಗಗಳಲ್ಲಿ 11 ಅಂಶಗಳವರೆಗೆ ಜರಡಿ ಹಿಡಿಯುತ್ತದೆ, ಆದರೆ ಅಲ್ಲಿ ಪರಸ್ಪರ ಪ್ರಭಾವಗಳು ಚೂರುಚೂರಾಗಿ ಮುಖ್ಯ ಪ್ರಭಾವಗಳಲ್ಲಿ ಹರಡಿಕೊಳ್ಳುತ್ತವೆ. ವಿಧಾನ ಪರಿಶೀಲನೆಗೆ ಅದು ಸಾಕು, ಹೊಸ ಪ್ರತಿಕ್ರಿಯೆಗೆ ನಾನು ಅದನ್ನು ಆರಿಸುವುದಿಲ್ಲ. ಇಂಥ ಭಾಗಶಃ ವಿನ್ಯಾಸಗಳ ಹಿಂದಿರುವ ಆರ್ಥೋಗೋನಲ್ ಅರೇಗಳ, ಅಂದರೆ ಮಟ್ಟಗಳನ್ನು ಸಮತೋಲದಲ್ಲಿ ಹಂಚಿದ ಕೋಷ್ಟಕಗಳ, ಗಣಿತವನ್ನು 1940ರ ದಶಕದಲ್ಲಿ ರೂಪಿಸಿದವರು, ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ಜಪಾನಿನ ಟಾಗುಚಿ ಕಾರ್ಖಾನೆಗಳಲ್ಲಿ ಜನಪ್ರಿಯಗೊಳಿಸಿದ ಕೋಷ್ಟಕಗಳು ಇದೇ ಅರೇಗಳು.

ಬಾಗಿದ ಮೇಲ್ಮೈ

ನಮ್ಮ ಉದಾಹರಣೆಯ ಬಾಗು ಯಾವ ದಿಕ್ಕಿನದೆಂದು ತಿಳಿಯಲು, ಮಾಡಿದ ಪ್ರಯೋಗಗಳನ್ನು ಎಸೆಯದೆ, ಅವುಗಳಿಗೆ ಅಕ್ಷಗಳ ಮೇಲಿನ ಆರು ಬಿಂದುಗಳನ್ನು ಸೇರಿಸಬೇಕು. ಇದು ಸೆಂಟ್ರಲ್ ಕಾಂಪೊಸಿಟ್ ವಿನ್ಯಾಸ. ಮೂರು ಅಂಶಗಳಿಗೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಸೂಚಿಸುವ ದೂರ, ಕೇಂದ್ರದಿಂದ + ಮಟ್ಟಕ್ಕಿರುವ ಅಂತರವನ್ನು 1 ಎಂದಿಟ್ಟರೆ, 1.682. ಅದನ್ನು ಹಾಗೆಯೇ ಒಪ್ಪಿದರೆ ಏನಾಗುತ್ತದೆ ನೋಡಿ: ಬೇಸ್‌ನ ಕೆಳತುದಿ 1.3ರಿಂದ 0.336 ಕಳೆದು 0.96 ಇಕ್ವಿವಲೆಂಟ್ ಆಗುತ್ತದೆ, ಅಂದರೆ ಎಲ್ಲ ಫೀನಾಲಿಗೆ ಸಾಲದಷ್ಟು. ದ್ರಾವಕ 3.3 ಲೀಟರಿಗೆ ಇಳಿದು ಕಲಕುವುದೇ ಕಷ್ಟವಾಗುತ್ತದೆ. ಗಣಿತಕ್ಕೆ ಚೆಂದವಾದ ಬಿಂದು ಫ್ಲಾಸ್ಕಿಗೆ ಒಗ್ಗದಿದ್ದಾಗ ಗಣಿತವೇ ಹೊಂದಿಕೊಳ್ಳಬೇಕು. ದೂರವನ್ನು 1ಕ್ಕೆ ಇಟ್ಟು, ಬಿಂದುಗಳನ್ನು, ಎಂಟು ಮೂಲೆಗಳು ಸೇರಿ ಆಗುವ ಘನದ ಮುಖಗಳ ಮೇಲೆಯೇ ಇರಿಸಿ. ಎರಡನೆಯ ಸುತ್ತಿನಲ್ಲಿಯೂ ಎರಡು ಕೇಂದ್ರ ಬಿಂದುಗಳನ್ನು ಸೇರಿಸಿದರೆ ಒಟ್ಟು 19 ಪ್ರಯೋಗಗಳಿಂದ ಹತ್ತು ಗುಣಾಂಕಗಳ ದ್ವಿಘಾತ ಮಾದರಿಯನ್ನು ಹೊಂದಿಸಬಹುದು.

ಸಾಫ್ಟ್‌ವೇರಿಗೆ ಈಗ ಹೊತ್ತು. ಮಿನಿಟ್ಯಾಬ್, ಜೆಎಂಪಿ, ಡಿಸೈನ್-ಎಕ್ಸ್‌ಪರ್ಟ್ ಇವುಗಳಿಗೆ ಹಣ ಬೇಕು; ಆರ್ ಭಾಷೆ ಉಚಿತ, ಅದರಲ್ಲಿ ಆರ್‌ಎಸ್‌ಎಂ ಎಂಬ ಪ್ಯಾಕೇಜ್ ಇದೇ ಕೆಲಸಕ್ಕಿದೆ. ಮೊದಲು ನಿಮ್ಮ ಎಂಟು ಸಾಲುಗಳನ್ನೇ ಕೊಟ್ಟು ನೋಡಿ. ತಾಪಮಾನದ ಗುಣಾಂಕ 3.75 ಎಂದು ಬರುತ್ತದೆ, 7.5 ಅಲ್ಲ. −1ರಿಂದ +1ಕ್ಕೆ ಎರಡು ಹೆಜ್ಜೆ ಇರುವುದರಿಂದ ಗುಣಾಂಕವು ಪ್ರಭಾವದ ಅರ್ಧ. ಆರ್-ಸ್ಕ್ವೇರ್ 0.98 ಬಂತೆಂದು, ಅಂದರೆ ಮಾದರಿಯು ಅಂಕಿಗಳ ಏರಿಳಿತದ ಬಹುಭಾಗವನ್ನು ವಿವರಿಸಿತೆಂದು, ಹಿಗ್ಗಬೇಡಿ. ಪದಗಳನ್ನು ಸೇರಿಸುತ್ತ ಹೋದರೆ ಅದು ಏರುತ್ತಲೇ ಹೋಗುತ್ತದೆ. ಉಳಿಕೆಗಳನ್ನು, ಅಂದರೆ ಅಳತೆಗೂ ಮಾದರಿಯ ಅಂದಾಜಿಗೂ ಇರುವ ಅಂತರಗಳನ್ನು, ಪ್ರಯೋಗ ನಡೆದ ಕ್ರಮದಲ್ಲಿ ಗುರುತಿಸಿ ನೋಡುವ ಚಿತ್ರ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಮಾದರಿಯಿಂದ ಪ್ಲಾಂಟಿಗೆ

ಇಳುವರಿಯೊಂದಕ್ಕೇ ಮಾದರಿ ಕಟ್ಟಿ ನಿಲ್ಲಿಸಬೇಡಿ. ಮುಖ್ಯ ಇಂಪ್ಯೂರಿಟಿ, ಸೋಸಲು ಹಿಡಿಯುವ ಸಮಯ, ಇವುಗಳಿಗೂ ಪ್ರತ್ಯೇಕ ಮಾದರಿ ಕಟ್ಟಿ, ಎಲ್ಲ ಮಿತಿಗಳೂ ಒಟ್ಟಿಗೆ ಪಾಲನೆಯಾಗುವ ಪ್ರದೇಶವನ್ನು ಹುಡುಕಬೇಕು. ಔಷಧ ಉದ್ಯಮದಲ್ಲಿ, ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಅಂತರರಾಷ್ಟ್ರೀಯ ಮಂಡಳಿಯಾದ ಐಸಿಎಚ್‌ನ ಕ್ಯೂ8 ಮಾರ್ಗಸೂಚಿ ಇಂಥ ಪ್ರದೇಶವನ್ನು ಡಿಸೈನ್ ಸ್ಪೇಸ್ ಎಂದು ಕರೆಯುತ್ತದೆ. ನಿಯಂತ್ರಕರು ಒಪ್ಪಿದ ಮೇಲೆ ಅದರೊಳಗೆ ಓಡಾಡುವುದನ್ನು ಪ್ರಕ್ರಿಯೆಯ ಬದಲಾವಣೆ ಎಂದು ಎಣಿಸುವುದಿಲ್ಲ. ಆ ಪ್ರದೇಶದ ಅಂಚು ಸರಾಸರಿಯ ಗೆರೆಯಾಗಿದ್ದರೆ, ಅಂಚಿನ ಮೇಲೆ ನಡೆಸಿದ ಬ್ಯಾಚುಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಿತಿಯನ್ನು ಮೀರುತ್ತವೆ ಎಂಬುದು ನೆನಪಿರಲಿ. ಒಳಕ್ಕೆ ಸರಿದು ನಿಲ್ಲಿ.

ಮಾದರಿ ಸೂಚಿಸಿದ ಬಿಂದುವಿನಲ್ಲಿ ಹೊಸದಾಗಿ ಕೆಲವು ಪ್ರಯೋಗಗಳನ್ನು ಮಾಡಿ, ಫಲಿತಾಂಶವನ್ನು, ಒಂದು ಹೊಸ ಪ್ರಯೋಗದ ಉತ್ತರ ಬೀಳಬಹುದಾದ ವ್ಯಾಪ್ತಿಯಾದ ಪ್ರೆಡಿಕ್ಷನ್ ಇಂಟರ್ವಲ್‌ನೊಂದಿಗೆ ಹೋಲಿಸಿ. ಸರಾಸರಿಯ ಕಾನ್ಫಿಡೆನ್ಸ್ ಇಂಟರ್ವಲ್ ಅದಕ್ಕಿಂತ ಕಿರಿದಾದ್ದರಿಂದ ಒಂದು ಬ್ಯಾಚನ್ನು ಅದರಿಂದ ಅಳೆಯುವುದು ಅನ್ಯಾಯ.

ಕೊನೆಗೆ ಗಾತ್ರದ ವಿಷಯ. ಲ್ಯಾಬಿನ ಫ್ಲಾಸ್ಕು ಕೆಲವೇ ನಿಮಿಷಗಳಲ್ಲಿ 80 ಡಿಗ್ರಿ ತಲುಪುತ್ತದೆ, ಸಾವಿರಾರು ಲೀಟರಿನ ರಿಯಾಕ್ಟರಿಗೆ ಗಂಟೆಗಳು ಬೇಕಾಗಬಹುದು, ಬಿಸಿ ದ್ರವ ಹರಿಯುವ ಹೊರಕವಚದ, ಅಂದರೆ ಜಾಕೆಟ್ಟಿನ, ಗೋಡೆಯ ಬಳಿ ತಾಪಮಾನ ಒಳಗಿನದಕ್ಕಿಂತ ಹೆಚ್ಚಿರುತ್ತದೆ, ಭಾರವಾದ ಕಾರ್ಬೊನೇಟ್ ತಳದಲ್ಲಿ ಕೂರುತ್ತದೆ. ಮಾದರಿಗೆ ಇದಾವುದರ ಸುಳಿವೂ ಇಲ್ಲ, ಏಕೆಂದರೆ ಇವು ಅಂಶಗಳ ಪಟ್ಟಿಯಲ್ಲಿ ಇರಲೇ ಇಲ್ಲ. ಆದ್ದರಿಂದ ಪ್ಲಾಂಟಿನಲ್ಲಿ ಬಿಸಿಯಾಗಲು ಹಿಡಿಯುವ ಸಮಯವನ್ನೂ ತಣಿಯಲು ಹಿಡಿಯುವ ಸಮಯವನ್ನೂ ಕೇಳಿ ತಿಳಿದು, ಲ್ಯಾಬಿನ ಜಾಕೆಟ್ ರಿಯಾಕ್ಟರಿನಲ್ಲಿ ಅದೇ ಏರಿಳಿತವನ್ನು ಅನುಕರಿಸಿ, ಕಲಕುವ ವೇಗವನ್ನು ತಗ್ಗಿಸಿ, ಆಯ್ದ ಬಿಂದುವಿನಲ್ಲಿ ಎರಡು ಪ್ರಯೋಗಗಳನ್ನಾದರೂ ಮಾಡಿ; ಆಮ್ಲದ ಪೀಕ್ ಅಲ್ಲಿ ಬೆಳೆದಿದ್ದರೆ, ಬಿಸಿಯಾಗುವ ಸಮಯವೇ ಮುಂದಿನ ವಿನ್ಯಾಸದ ಮೊದಲ ಅಂಶ.